ಪ್ಲೇಗಿನ ರೋಗಾಣುವನ್ನು ಕಂಡ ಅಲೆಕ್ಸಾಂಡರ್ ಯೆರ್ಸಿನ್

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗಗಳ ಅಧ್ಯಾಯ ನಿಮಗೆಲ್ಲ ಗೊತ್ತು. ಅದರಲ್ಲಿ ಟೈಫಾಯ್ಡ್ ಮತ್ತು ನ್ಯುಮೋನಿಯಾದ ವಿವರ ಮುಗಿದ ಮೇಲೆ ಒಂದೇ ಸಾಲಿನಲ್ಲಿ ಮೂರು ರೋಗಗಳ ಹೆಸರು ಬರುತ್ತವೆ. ಆಮಶಂಕೆ, ಪ್ಲೇಗು, ಡಿಫ್ತೀರಿಯಾ. ಇವೂ ಬ್ಯಾಕ್ಟೀರಿಯಾದಿಂದ ಬರುವ ರೋಗಗಳು ಎಂದಷ್ಟೇ ಹೇಳಿ ಪುಸ್ತಕ ಮುಂದೆ ಹೋಗುತ್ತದೆ. ಎಷ್ಟೋ ವರ್ಷ ನಾನೂ ಆ ಸಾಲನ್ನು ಓದಿಸಿ ಮುಂದೆ ಹೋಗಿದ್ದೇನೆ.

ಒಂದು ದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಬ್ಯಾಕ್ಟೀರಿಯಾಗಳು ಗುಂಡಗೆ, ದಂಡದಂತೆ, ಅಲ್ಪವಿರಾಮದಂತೆ, ಸುರುಳಿಯಂತೆ, ಹೀಗೆ ನಾಲ್ಕು ಆಕಾರಗಳಲ್ಲಿ ಇರುತ್ತವೆ ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ದಂಡದ ಆಕಾರದವು ಲೆಕ್ಕವಿಲ್ಲದಷ್ಟು ಇರುವಾಗ ಇದು ಪ್ಲೇಗಿನದು, ಇದು ಬೇರೆಯದು ಎಂದು ಗುರುತಿಸುವುದು ಹೇಗೆ ಎಂಬುದು ಅವಳ ಸಂಶಯ. ಗಂಟೆ ಹೊಡೆಯಲು ಐದು ನಿಮಿಷ ಇತ್ತು. ಐದು ನಿಮಿಷದಲ್ಲಿ ಹೇಳುವ ಉತ್ತರ ಅದಾಗಿರಲಿಲ್ಲ. ಆ ಉತ್ತರವನ್ನು ಒಬ್ಬ ಮನುಷ್ಯನ ಜೀವನಚರಿತ್ರೆಯ ಮೂಲಕ ಇಲ್ಲಿ ಹೇಳುತ್ತೇನೆ. ಪುಸ್ತಕದ ಆ ಮೂರು ಹೆಸರುಗಳಲ್ಲಿ ಎರಡರ ಜೊತೆ ಅವನ ಹೆಸರು ಸೇರಿಕೊಂಡಿದೆ.

ಪ್ಯಾರಿಸ್ಸಿನ ದಾರಿ

ಅಲೆಕ್ಸಾಂಡರ್ ಯೆರ್ಸಿನ್ ಹುಟ್ಟಿದ್ದು 1863ರ ಸೆಪ್ಟೆಂಬರ್ 22ರಂದು, ಸ್ವಿಟ್ಜರ್ಲೆಂಡಿನ ಓಬನ್ ಎಂಬ ಸಣ್ಣ ಊರಿನಲ್ಲಿ. ಅವನು ತಂದೆಯ ಮುಖ ನೋಡಲಿಲ್ಲ. ಕೀಟಗಳ ಅಧ್ಯಯನದಲ್ಲಿ ಆಸಕ್ತಿಯಿದ್ದ ಆ ತಂದೆ ಮಗ ಹುಟ್ಟುವ ಕೆಲವು ವಾರಗಳ ಮುಂಚೆ ತೀರಿಹೋಗಿದ್ದರು. ತಾಯಿ ಮೊರ್ಜ್ ಎಂಬ ಊರಿಗೆ ಹೋಗಿ, ಹೆಣ್ಣುಮಕ್ಕಳಿಗೆ ಒಂದು ವಸತಿ ಶಾಲೆ ನಡೆಸಿ ಮಕ್ಕಳನ್ನು ಬೆಳೆಸಿದರು.

ಯೆರ್ಸಿನ್ ವೈದ್ಯಕೀಯ ಓದಲು ಲೊಸಾನ್‌ಗೆ, ಅಲ್ಲಿಂದ ಜರ್ಮನಿಯ ಮಾರ್ಬುರ್ಗ್‌ಗೆ, ಕೊನೆಗೆ 1885ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಹುಚ್ಚುನಾಯಿ ರೋಗದಿಂದ ಸತ್ತವನೊಬ್ಬನ ಶವಪರೀಕ್ಷೆ ಮಾಡುವಾಗ ಅವನ ಕೈಗೆ ಗಾಯವಾಯಿತು. ರೇಬಿಸ್ ಲಸಿಕೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು ಅಷ್ಟೆ. ಲೂಯಿ ಪಾಶ್ಚರ್ ಅವರ ಬಲಗೈಯಂತಿದ್ದ ಎಮಿಲ್ ರೂ ಅವನಿಗೆ ಚುಚ್ಚುಮದ್ದು ಕೊಟ್ಟು ಬದುಕಿಸಿದರು. ಆ ಪರಿಚಯ ಅವನನ್ನು ರೂ ಅವರ ಪ್ರಯೋಗಾಲಯಕ್ಕೆ ಕರೆದೊಯ್ದಿತು.

1888ರಲ್ಲಿ ಗುರು ಶಿಷ್ಯರಿಬ್ಬರೂ ಡಿಫ್ತೀರಿಯಾದ ಮೇಲೆ ಕೆಲಸ ಮಾಡಿದರು. ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರು ನಿಲ್ಲಿಸುತ್ತಿದ್ದ ರೋಗ ಅದು. ಅದರ ಬ್ಯಾಕ್ಟೀರಿಯಾ ಗಂಟಲಲ್ಲೇ ಇರುತ್ತಿತ್ತು, ಆದರೆ ಹೃದಯ, ನರಗಳು ಕೆಡುತ್ತಿದ್ದವು. ಇದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಇವರು ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಪಿಂಗಾಣಿ ಶೋಧಕದಲ್ಲಿ ಸೋಸಿದರು. ಸೋಸಿದ ದ್ರವದಲ್ಲಿ ಒಂದು ಬ್ಯಾಕ್ಟೀರಿಯಾವೂ ಇರಲಿಲ್ಲ. ಆದರೂ ಅದನ್ನು ಚುಚ್ಚಿದ ಪ್ರಾಣಿಗಳಲ್ಲಿ ರೋಗದ ಲಕ್ಷಣಗಳೆಲ್ಲ ಕಾಣಿಸಿಕೊಂಡವು. ಕೊಲ್ಲುತ್ತಿದ್ದದ್ದು ಬ್ಯಾಕ್ಟೀರಿಯಾ ಸ್ರವಿಸುವ ವಿಷ ಎಂದು ಗೊತ್ತಾಯಿತು. ಮುಂದೆ ಆ ವಿಷಕ್ಕೆ ಪ್ರತಿವಿಷ ಬಂತು. ಇಂದು ಮಕ್ಕಳಿಗೆ ಹಾಕಿಸುವ ಲಸಿಕೆಯ ಬೇರು ಅಲ್ಲಿದೆ.

ಇಪ್ಪತ್ತೈದು ವರ್ಷಕ್ಕೇ ಇಷ್ಟು ಹೆಸರು ಮಾಡಿದವನು ಪ್ಯಾರಿಸ್ಸಿನಲ್ಲಿ ನಿಲ್ಲಲಿಲ್ಲ. ನಾಲ್ಕು ಗೋಡೆಯೊಳಗಿನ ಕೆಲಸ ಅವನಿಗೆ ಹಿಡಿಸಲಿಲ್ಲ. 1890ರಲ್ಲಿ ಹಡಗಿನ ವೈದ್ಯನಾಗಿ ಸೇರಿ, ಇಂದಿನ ವಿಯೆಟ್ನಾಂ ಕಡೆಗೆ ಹೊರಟುಬಿಟ್ಟ. ಅಲ್ಲಿಯ ಕಾಡು, ಬೆಟ್ಟಗಳಲ್ಲಿ ಅಲೆದು ನಕ್ಷೆ ಬರೆದ. ದರೋಡೆಕೋರರಿಂದ ಗಾಯಗೊಂಡ. 1893ರಲ್ಲಿ ಅವನು ತಲುಪಿದ ಲಾಂಗ್ ಬಿಯಾಂಗ್ ಎಂಬ ತಂಪಾದ ಪ್ರಸ್ಥಭೂಮಿಯಲ್ಲಿ ಮುಂದೆ ದಾಲಾತ್ ಎಂಬ ಪಟ್ಟಣ ಎದ್ದಿತು.

ಹಾಂಗ್‌ಕಾಂಗಿನ ಹುಲ್ಲಿನ ಗುಡಿಸಲು

1894ರಲ್ಲಿ ದಕ್ಷಿಣ ಚೀನಾದಿಂದ ಹಾಂಗ್‌ಕಾಂಗಿಗೆ ಪ್ಲೇಗು ಬಂತು. ಜೂನ್ ತಿಂಗಳಲ್ಲಿ ಯೆರ್ಸಿನ್ ಅಲ್ಲಿಗೆ ಹೋದ. ಅವನಿಗಿಂತ ಕೆಲವೇ ದಿನ ಮೊದಲು ಜಪಾನಿನ ಪ್ರಸಿದ್ಧ ವಿಜ್ಞಾನಿ ಕಿತಾಸಾತೊ ಶಿಬಾಸಾಬುರೊ ತಮ್ಮ ತಂಡದೊಂದಿಗೆ ಬಂದಿದ್ದರು. ಆಸ್ಪತ್ರೆಯ ಕೋಣೆ, ಸಲಕರಣೆ, ಶವಪರೀಕ್ಷೆಯ ಅವಕಾಶ ಎಲ್ಲವೂ ಅವರಿಗೆ ಸಿಕ್ಕಿತ್ತು. ಯೆರ್ಸಿನ್‌ಗೆ ಶವಗಳನ್ನು ಮುಟ್ಟಲು ಅನುಮತಿ ಸಿಗಲಿಲ್ಲ.

ಅವನು ಹಿಂತಿರುಗಲಿಲ್ಲ. ಬಿದಿರು, ಹುಲ್ಲಿನಿಂದ ಒಂದು ಗುಡಿಸಲು ಹಾಕಿಸಿ ಅದನ್ನೇ ಪ್ರಯೋಗಾಲಯ ಮಾಡಿಕೊಂಡ. ಒಬ್ಬ ಇಟಾಲಿಯನ್ ಪಾದ್ರಿಯ ನೆರವಿನಿಂದ, ಹೆಣ ಹೂಳುವ ಕೆಲಸಕ್ಕಿದ್ದ ನಾವಿಕರಿಗೆ ಒಂದಿಷ್ಟು ಹಣ ಕೊಟ್ಟು, ಶವಾಗಾರದೊಳಗೆ ಹೋಗುವ ದಾರಿ ಮಾಡಿಕೊಂಡ. ಪ್ಲೇಗಿನಲ್ಲಿ ತೊಡೆಸಂದು, ಕಂಕುಳಲ್ಲಿ ಗಡ್ಡೆ ಏಳುತ್ತದೆ. ಉಳಿದವರು ರಕ್ತದಲ್ಲಿ ರೋಗಾಣು ಹುಡುಕುತ್ತಿದ್ದಾಗ ಯೆರ್ಸಿನ್ ಆ ಗಡ್ಡೆಯನ್ನೇ ಕೊಯ್ದು ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಸಣ್ಣ, ತುದಿ ದುಂಡಗಿನ ದಂಡಗಳು ಅದರಲ್ಲಿ ಕಿಕ್ಕಿರಿದಿದ್ದವು. ಅದು ಜೂನ್ 20.

ಅವನ ಬಳಿ ಇನ್‌ಕ್ಯುಬೇಟರ್ ಇರಲಿಲ್ಲ. ಹೊರಗಿನ ಬಿಸಿಲ ಕಾವಿನಲ್ಲೇ ರೋಗಾಣುವನ್ನು ಬೆಳೆಸಬೇಕಾಯಿತು. ಆ ಕೊರತೆಯೇ ಅವನಿಗೆ ಅನುಕೂಲವಾಯಿತು. ಈ ಬ್ಯಾಕ್ಟೀರಿಯಾ ಮನುಷ್ಯನ ಮೈಯ 37 ಡಿಗ್ರಿಗಿಂತ 28 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದು ಈಗ ನಮಗೆ ಗೊತ್ತಿದೆ. ಗ್ರಾಮ್ ಬಣ್ಣ ಇದಕ್ಕೆ ಹಿಡಿಯುವುದಿಲ್ಲ ಎಂದು ಯೆರ್ಸಿನ್ ಸರಿಯಾಗಿ ಬರೆದ. ಕಿತಾಸಾತೊ ಅವರೂ ಅದೇ ದಿನಗಳಲ್ಲಿ ರೋಗಾಣು ಕಂಡಿದ್ದಾಗಿ ಪ್ರಕಟಿಸಿದರು. ಆದರೆ ಅವರ ವಿವರಣೆಯಲ್ಲಿ ಈ ಬಣ್ಣದ ವಿಷಯ ಗೊಂದಲವಾಗಿತ್ತು. ಅವರ ಮಾದರಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಬೆರೆತಿದ್ದಿರಬೇಕು ಎಂದು ಹಲವರು ಭಾವಿಸುತ್ತಾರೆ.

ಯೆರ್ಸಿನ್ ಇನ್ನೊಂದು ಕೆಲಸ ಮಾಡಿದ. ಬೀದಿಯಲ್ಲಿ ಸತ್ತು ಬಿದ್ದಿದ್ದ ಇಲಿಗಳನ್ನು ತಂದು ಪರೀಕ್ಷಿಸಿದ. ಅವುಗಳಲ್ಲೂ ಅದೇ ದಂಡಗಳು ಸಿಕ್ಕವು. ಇಲಿ ಬಿದ್ದರೆ ಮನುಷ್ಯರೂ ಬೀಳುತ್ತಾರೆ ಎಂದು ಜನ ಅನುಭವದಿಂದ ಹೇಳುತ್ತಿದ್ದ ಮಾತಿಗೆ ಆಧಾರ ದೊರೆಯಿತು.

ಪ್ಲೇಗು ನಮ್ಮ ಕಡೆಗೂ ಬಂತು

1896ರಲ್ಲಿ ಪ್ಲೇಗು ಮುಂಬಯಿಗೆ ಇಳಿಯಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಇಳಕಲ್ ಹುನಗುಂದ ತಾಲ್ಲೂಕಿನ ಊರು. ಹೊಟಗಿಯಿಂದ ಗದಗಕ್ಕೆ ಹೋಗುವ ರೈಲು ಆಗಲೇ ಬಾಗಲಕೋಟೆ, ಬಾದಾಮಿಯ ಮೇಲೆ ಓಡುತ್ತಿತ್ತು. ಹತ್ತಿ, ಕಾಳುಕಡಿಯ ಮೂಟೆಗಳ ಜೊತೆ ಇಲಿ, ಇಲಿಯ ಜೊತೆ ಚಿಗಟ ಪ್ರಯಾಣ ಮಾಡಿದವು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಸಾವು ಹೆಚ್ಚಿತು. 1898ರಲ್ಲಿ ಬೆಂಗಳೂರಿಗೂ ತಲುಪಿತು. ಮುಂದಿನ ಮೂರು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು.

ನನ್ನ ದಾದಿ ತಮ್ಮ ಹಿರಿಯರಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಮನೆಯ ಜಂತಿಯಿಂದ ಇಲಿ ಉದುರಿತೆಂದರೆ ಊರಿಗೆ ಊರೇ ಖಾಲಿಯಾಗುತ್ತಿತ್ತಂತೆ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ನಮ್ಮ ಮನೆತನದಲ್ಲಿ ಒಂದೇ ವಾರದಲ್ಲಿ ನಾಲ್ಕು ಮಯ್ಯತ್ ಎದ್ದವಂತೆ. ಹೊರುವವರು ಸಿಗದೆ ಬಂಡಿಯಲ್ಲಿ ಒಯ್ದರಂತೆ. ನಿಮ್ಮ ಮನೆಗಳಲ್ಲೂ ಇಂಥ ಮಾತು ಉಳಿದಿರಬಹುದು, ಹಿರಿಯರನ್ನು ಕೇಳಿ ನೋಡಿ.

ನಮ್ಮ ಪರಂಪರೆಗೆ ಈ ರೋಗ ಇನ್ನೂ ಹಳೆಯ ಪರಿಚಯ. ಪಿಡುಗು ಇರುವ ನಾಡಿಗೆ ಹೋಗಬಾರದು, ತಾವಿರುವ ನಾಡಿನಲ್ಲಿ ಅದು ಬಂದರೆ ಅಲ್ಲಿಂದ ಓಡಿಹೋಗಬಾರದು ಎಂಬುದು ಪ್ರವಾದಿ ಮುಹಮ್ಮದ್ (ಸ.ಅ.) ಅವರ ಬೋಧನೆ. ಹಿಜರಿ 18ರ ಅಮ್ವಾಸ್ ಪಿಡುಗಿನ ಸಮಯದಲ್ಲಿ ಸಿರಿಯಾಕ್ಕೆ ಹೊರಟಿದ್ದ ಖಲೀಫ ಉಮರ್ (ರ.) ಸಂಗಾತಿಗಳೊಂದಿಗೆ ಸಮಾಲೋಚಿಸಿ, ದಾರಿಯಿಂದಲೇ ಹಿಂತಿರುಗಿದರು. ಅಬೂ ಉಬೈದಾ (ರ.) ಅದೇ ಪಿಡುಗಿನಲ್ಲಿ ತೀರಿಕೊಂಡರು.

ಯೆರ್ಸಿನ್ 1895ರಲ್ಲಿ ವಿಯೆಟ್ನಾಂನ ನ್ಯಾಚಾಂಗ್ ಎಂಬ ಕಡಲ ತೀರದಲ್ಲಿ ಪ್ರಯೋಗಾಲಯ ಕಟ್ಟಿ, ಕುದುರೆಗಳಿಂದ ಪ್ಲೇಗಿನ ಸೀರಂ ತಯಾರಿಸತೊಡಗಿದ. 1896ರಲ್ಲಿ ಚೀನಾದ ಕ್ಯಾಂಟನ್ನಿನಲ್ಲಿ ಒಬ್ಬ ಯುವಕನಿಗೆ ಅದನ್ನು ಕೊಟ್ಟು ಬದುಕಿಸಿದ. ಆಮೇಲೆ ಅಮಾಯ್ ಊರಿನಲ್ಲಿ ಸೀರಂ ಪಡೆದವರಲ್ಲೂ ಹೆಚ್ಚಿನವರು ಉಳಿದರು. ಆ ಭರವಸೆಯಿಂದ 1897ರಲ್ಲಿ ಮುಂಬಯಿಗೆ ಬಂದ. ಇಲ್ಲಿ ಸೀರಂ ನಿರೀಕ್ಷಿಸಿದ ಫಲ ಕೊಡಲಿಲ್ಲ. ಸೋಲನ್ನು ಒಪ್ಪಿಕೊಂಡು ನ್ಯಾಚಾಂಗ್‌ಗೆ ಮರಳಿದ. ಅವನ ಜಾಗಕ್ಕೆ ಬಂದ ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಚಿಗಟ ಎಂದು ತೋರಿಸಿದರು. ಅದೇ ದಿನಗಳಲ್ಲಿ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡಿದ್ದರು. ಜನ ಹೆದರಿ ಹಿಂಜರಿಯುತ್ತಿದ್ದಾಗ ಯುವಕರಾಗಿದ್ದ ಆಗಾ ಖಾನ್ ಎಲ್ಲರೆದುರು ಲಸಿಕೆ ಹಾಕಿಸಿಕೊಂಡು ಧೈರ್ಯ ತುಂಬಿದರು. ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಪಡೆದರು.

ಒಂದು ರೋಗಾಣು, ಹಲವು ಹೆಸರು

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಯೆರ್ಸಿನ್ ಕಾಲದಲ್ಲಿ ಬ್ಯಾಕ್ಟೀರಿಯಾವನ್ನು ಗುರುತಿಸಲು ಇದ್ದ ದಾರಿಗಳು ಆಕಾರ, ಬಣ್ಣ ಹಿಡಿಯುವ ಗುಣ, ಬೆಳೆಯುವ ರೀತಿ, ಯಾವ ಪ್ರಾಣಿಯಲ್ಲಿ ಯಾವ ರೋಗ ತರುತ್ತದೆ ಎಂಬುದು, ಇಷ್ಟೇ. ಇವನ್ನು ನೋಡಿ ಪ್ಲೇಗಿನ ರೋಗಾಣುವಿಗೆ ಮೊದಲು ಬ್ಯಾಸಿಲಸ್, ಬ್ಯಾಕ್ಟೀರಿಯಂ ಎಂದೆಲ್ಲ ಹೆಸರಿಟ್ಟರು. ಆಮೇಲೆ ಪಾಶ್ಚರ್ ಹೆಸರಿನ ಪಾಶ್ಚರೆಲ್ಲಾ ಕುಲಕ್ಕೆ ಸೇರಿಸಿದರು. ನಮ್ಮ ರೈತರ ಎಮ್ಮೆ, ದನಗಳಿಗೆ ಮಳೆಗಾಲದಲ್ಲಿ ಬರುವ ಗಳಲೆ ರೋಗದ ಬ್ಯಾಕ್ಟೀರಿಯಾ ಕೂಡ ಅದೇ ಕುಲದ್ದು. ಹೊರನೋಟಕ್ಕೆ ಎರಡೂ ಒಂದೇ ತರಹ ಕಂಡಿದ್ದವು. ಇವೆರಡೂ ಒಂದೇ ಕುಲದವಲ್ಲ ಎಂದು 1944ರಲ್ಲಿ ಡಚ್ ವಿಜ್ಞಾನಿ ವಾನ್ ಲೊಘೆಮ್ ವಾದಿಸಿ, ಪ್ಲೇಗಿನ ರೋಗಾಣುವಿಗೆ ಯೆರ್ಸಿನಿಯಾ ಎಂಬ ಹೊಸ ಕುಲವನ್ನು ಸೂಚಿಸಿದರು. ಹಾಗೆ ಅದು ಯೆರ್ಸಿನಿಯಾ ಪೆಸ್ಟಿಸ್ ಆಯಿತು. ಯೆರ್ಸಿನ್ ಅದಕ್ಕೆ ಒಂದು ವರ್ಷ ಮೊದಲೇ ತೀರಿಹೋಗಿದ್ದ.

ಆದರೆ ವಾನ್ ಲೊಘೆಮ್ ಹೇಳಿದ್ದು ಸರಿಯೇ? ಅದನ್ನು ಒರೆಗೆ ಹಚ್ಚುವ ದಾರಿ 1960ರ ದಶಕದಲ್ಲಿ ಸಿಕ್ಕಿತು. ಆ ದಾರಿ ಡಿಎನ್‌ಎ ಹೋಲಿಕೆ.

ಡಿಎನ್‌ಎಯಲ್ಲಿ ಎರಡು ಎಳೆಗಳು ಇರುತ್ತವೆ. ಒಂದರ ಎ ಇನ್ನೊಂದರ ಟಿ ಜೊತೆ, ಒಂದರ ಜಿ ಇನ್ನೊಂದರ ಸಿ ಜೊತೆ ಕೂಡುತ್ತದೆ ಎಂದು ನೀವು ಓದಿದ್ದೀರಿ. ಕಾಯಿಸಿದರೆ ಎರಡೂ ಎಳೆ ಬಿಡುತ್ತವೆ. ನಿಧಾನವಾಗಿ ತಣಿಸಿದರೆ ತಮ್ಮ ಜೋಡಿಯನ್ನು ಹುಡುಕಿ ಮತ್ತೆ ಕೂಡುತ್ತವೆ. ಈಗ ಎರಡು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಕಾಯಿಸಿ ಎಳೆ ಬಿಡಿಸಿ, ಒಟ್ಟಿಗೆ ಬೆರೆಸಿ ತಣಿಸಿದರೆ ಏನಾಗುತ್ತದೆ? ಎರಡರ ಅಕ್ಷರಗಳ ಸಾಲು ಹತ್ತಿರವಾಗಿದ್ದರೆ ಒಂದರ ಎಳೆ ಇನ್ನೊಂದರ ಎಳೆಯೊಂದಿಗೆ ಕೂಡುತ್ತದೆ. ದೂರವಾಗಿದ್ದರೆ ಕೂಡುವುದಿಲ್ಲ. ಒಂದು ಬ್ಯಾಕ್ಟೀರಿಯಾದ ಡಿಎನ್‌ಎಗೆ ಮುಂಚೆಯೇ ವಿಕಿರಣದ ಗುರುತು ಹಾಕಿಟ್ಟಿದ್ದರೆ ಎಷ್ಟು ಪಾಲು ಕೂಡಿತೆಂದು ಅಳೆಯಬಹುದು.

ಇಳಕಲ್ಲಿನ ನೇಕಾರರ ಮಕ್ಕಳಿಗೆ ಇದನ್ನು ಹೇಳುವುದು ನನಗೆ ಸುಲಭ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿಗೆ ಕೊಂಡಿ ಹಾಕಿ ಎಳೆ ಎಳೆಯಾಗಿ ಸೇರಿಸುತ್ತಾರೆ. ಎಳೆಗೆ ಎಳೆ ಹೊಂದಿದರೆ ಸೇರಿಕೆ ಗಟ್ಟಿ. ಹೊಂದದ ಕಡೆ ಸಡಿಲ. ಡಿಎನ್‌ಎ ಎಳೆಗಳೂ ಹಾಗೆಯೇ. ಚೆನ್ನಾಗಿ ಹೊಂದಿದ ಜೋಡಿಯನ್ನು ಬಿಡಿಸಲು ಹೆಚ್ಚು ಶಾಖ ಬೇಕು, ಅರೆಬರೆ ಹೊಂದಿದ್ದು ಕಡಿಮೆ ಶಾಖಕ್ಕೇ ಬಿಟ್ಟುಕೊಳ್ಳುತ್ತದೆ.

ಈ ವಿಧಾನದಿಂದ ಶೇ. 70 ಅಥವಾ ಅದಕ್ಕೂ ಹೆಚ್ಚು ಕೂಡಿಕೆ ಕಂಡರೆ ಎರಡೂ ಒಂದೇ ಪ್ರಭೇದ ಎಂದು 1987ರಲ್ಲಿ ವಿಜ್ಞಾನಿಗಳ ಸಮಿತಿಯೊಂದು ಅಳತೆಗೋಲು ಕೊಟ್ಟಿತು. ಅಕ್ಷರಗಳಲ್ಲಿ ಶೇ. 70ರಷ್ಟು ಹೋಲಿಕೆ ಎಂದು ಇದರ ಅರ್ಥವಲ್ಲ, ಇಲ್ಲಿ ಎಷ್ಟೋ ವಿದ್ಯಾರ್ಥಿಗಳು ತಪ್ಪುತ್ತಾರೆ. ಪೂರ್ತಿ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿ ಹೋಲಿಸುವ ಇಂದಿನ ಲೆಕ್ಕದಲ್ಲಿ ಇದು ಸರಾಸರಿ ಶೇ. 95ರ ಹೋಲಿಕೆಗೆ ಸಮ.

ದಾಯಾದಿಯ ಸಮಸ್ಯೆ

ಈ ಒರೆಗಲ್ಲಿನಲ್ಲಿ ವಾನ್ ಲೊಘೆಮ್ ಗೆದ್ದರು. ಪ್ಲೇಗಿನ ರೋಗಾಣು ಗಳಲೆ ರೋಗದ ಕುಲದ್ದಲ್ಲ. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲಿಯ ಬಳಗಕ್ಕೆ ಹತ್ತಿರದ್ದು. ಆದರೆ ಅದೇ ಒರೆಗಲ್ಲು ಇನ್ನೊಂದು ತೊಡಕನ್ನು ಮುಂದಿಟ್ಟಿತು.

ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ, ನೀರಿನಲ್ಲಿ, ಪ್ರಾಣಿಗಳಲ್ಲಿ ಇರುತ್ತದೆ. ಕೆಟ್ಟ ಆಹಾರದ ಮೂಲಕ ಹೊಟ್ಟೆಗೆ ಹೋದರೆ ಜ್ವರ, ಹೊಟ್ಟೆನೋವು ಬರುತ್ತದೆ, ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. 1980ರಲ್ಲಿ ಬೆರ್ಕೊವಿಯೆ ಮತ್ತು ಸಂಗಡಿಗರು ಇದರ ಡಿಎನ್‌ಎಯನ್ನು ಪ್ಲೇಗಿನ ರೋಗಾಣುವಿನ ಡಿಎನ್‌ಎ ಜೊತೆ ಕೂಡಿಸಿ ನೋಡಿದಾಗ ಶೇ. 90 ದಾಟಿತು. ಲೆಕ್ಕದ ಪ್ರಕಾರ ಎರಡೂ ಒಂದೇ ಪ್ರಭೇದ. ಒಂದು ಕೋಟಿ ಜನರನ್ನು ಕೊಂದದ್ದೂ, ನಾಲ್ಕು ದಿನ ಹೊಟ್ಟೆ ನೋಯಿಸುವುದೂ ಒಂದೇ!

ನಿಯಮದಂತೆ, ಮೊದಲು ವಿವರಿಸಿದ ಹೆಸರಿನಡಿ ಎರಡನ್ನೂ ತರಬೇಕಿತ್ತು. ಪ್ಲೇಗಿನ ರೋಗಾಣುವನ್ನು ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್‌ನ ಒಂದು ಉಪಪ್ರಭೇದ ಎಂದು ಕರೆಯಲು ಪ್ರಸ್ತಾಪವೂ ಬಂತು. ಆಗ ಆತಂಕ ಹುಟ್ಟಿತು. ಯಾವುದೋ ಆಸ್ಪತ್ರೆಯ ವೈದ್ಯ ವರದಿಯಲ್ಲಿ ಆ ಉದ್ದ ಹೆಸರನ್ನು ಓದಿ, ಹೊಟ್ಟೆನೋವಿನ ರೋಗಾಣು ಎಂದು ತಿಳಿದು ರೋಗಿಯನ್ನು ಮನೆಗೆ ಕಳಿಸಿದರೆ? ಪ್ರಯೋಗಾಲಯದ ಸಹಾಯಕ ಸೀಸೆಯ ಮೇಲಿನ ಚೀಟಿ ಓದಿ ಕೈಗವಸು ಇಲ್ಲದೆ ಮುಟ್ಟಿದರೆ? ಬ್ಯಾಕ್ಟೀರಿಯಾಗಳ ನಾಮಕರಣದ ಅಂತರರಾಷ್ಟ್ರೀಯ ನ್ಯಾಯ ಆಯೋಗ 1985ರಲ್ಲಿ ಆ ಹೆಸರನ್ನು ತಳ್ಳಿಹಾಕಿತು. ಜೀವಕ್ಕೆ ಅಪಾಯ ತರಬಹುದಾದ ಹೆಸರನ್ನು ನಿರಾಕರಿಸಲು ಅವರ ನಿಯಮಾವಳಿಯಲ್ಲಿ ಅವಕಾಶವಿದೆ. ಹಾಗಾಗಿ ಡಿಎನ್‌ಎ ಒಂದೇ ಎಂದರೂ ಹೆಸರು ಎರಡೇ ಉಳಿದವು.

ಹಾಗಾದರೆ ಎರಡರ ನಡತೆ ಬೇರೆಯಾದದ್ದು ಹೇಗೆ? ಕಾರಣ ಕೆಲವೇ ಜೀನ್‌ಗಳು. ಪ್ಲೇಗಿನ ರೋಗಾಣು ತನ್ನ ದಾಯಾದಿಯಿಂದ ಕವಲೊಡೆದು ಬಂದದ್ದು. ಅದು ಎರಡು ಹೊಸ ಪ್ಲಾಸ್ಮಿಡ್‌ಗಳನ್ನು ಪಡೆಯಿತು. ಅವುಗಳಲ್ಲಿರುವ ಒಂದು ಜೀನ್ ಚಿಗಟದ ಹೊಟ್ಟೆಯಲ್ಲಿ ಬದುಕಲು ನೆರವಾಗುತ್ತದೆ, ಇನ್ನೊಂದು ಚರ್ಮದಡಿಯಿಂದ ಮೈಯೊಳಗೆ ಹರಡಲು ನೆರವಾಗುತ್ತದೆ. ಜೊತೆಗೆ ಕೆಲವು ಹಳೆಯ ಜೀನ್‌ಗಳು ಕೆಟ್ಟು ನಿಂತವು. ಸುಮಾರು 46 ಲಕ್ಷ ಅಕ್ಷರಗಳ ಗ್ರಂಥದಲ್ಲಿ ಇದು ಕೆಲವು ಪುಟಗಳ ಬದಲಾವಣೆ. ಒಟ್ಟು ಹೋಲಿಕೆಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಈಗ ಪಠ್ಯಪುಸ್ತಕದ ಆ ಸಾಲಿಗೆ ಮರಳಿ. ಮೂರೂ ರೋಗಗಳಲ್ಲಿ ಇದೇ ಪಾಠ ಇದೆ. ಬ್ಯಾಕ್ಟೀರಿಯಾದ ಆಮಶಂಕೆ ತರುವ ಶಿಗೆಲ್ಲಾ ಡಿಎನ್‌ಎ ಲೆಕ್ಕದಲ್ಲಿ ಈ. ಕೋಲಿಯೇ. ವೈದ್ಯರಿಗೆ ಗೊಂದಲವಾಗದಿರಲಿ ಎಂದು ಬೇರೆ ಹೆಸರು ಉಳಿದಿದೆ. ಡಿಫ್ತೀರಿಯಾದ ಕತೆ ಇನ್ನೂ ವಿಚಿತ್ರ. ಯೆರ್ಸಿನ್ ಮತ್ತು ರೂ ಸೋಸಿ ತೆಗೆದ ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಹೊಕ್ಕ ಒಂದು ವೈರಸ್ ತಂದದ್ದು. ಆ ವೈರಸ್ ಇಲ್ಲದ ಡಿಫ್ತೀರಿಯಾ ಬ್ಯಾಕ್ಟೀರಿಯಾ ವಿಷ ಮಾಡುವುದಿಲ್ಲ ಎಂದು 1951ರಲ್ಲಿ ತಿಳಿಯಿತು. ಡಿಎನ್‌ಎ ಹೋಲಿಕೆ ಯಾರು ಯಾರ ನೆಂಟರು ಎಂದು ಹೇಳುತ್ತದೆ. ಯಾರು ಏನು ಮಾಡುತ್ತಾರೆ ಎಂದು ಅದರಿಂದ ಮಾತ್ರ ಹೇಳಲಾಗದು.

ಹೀಗೆಂದು ಹೋಲಿಕೆಯ ಲೆಕ್ಕ ವ್ಯರ್ಥವಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್‌ನಲ್ಲಿ ಪ್ಲೇಗು ಬಂದಿತೆಂದು ದೇಶವೇ ಬೆದರಿತ್ತು. ಅದಕ್ಕೆ ಹಿಂದೆ ಭಾರತದಲ್ಲಿ ಮನುಷ್ಯರಲ್ಲಿ ಪ್ಲೇಗು ದಾಖಲಾದದ್ದು 1966ರಲ್ಲಿ, ನಮ್ಮ ಕರ್ನಾಟಕದಲ್ಲಿ. ಇಷ್ಟು ವರ್ಷಗಳ ನಂತರ ಬಂದದ್ದು ಪ್ಲೇಗೇ ಅಲ್ಲ ಎಂದು ಕೆಲವು ತಜ್ಞರು ವಾದಿಸಿದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಆಗ ದೊರೆತ ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಹೋಲಿಸಿ, ಅದು ಯೆರ್ಸಿನಿಯಾ ಪೆಸ್ಟಿಸ್ ಎಂದು 2000ರಲ್ಲಿ ಪ್ರಕಟಿಸಿದರು. ಜರ್ಮನಿಯ ಆಶ್‌ಹೈಮ್ ಎಂಬಲ್ಲಿ ಆರನೆಯ ಶತಮಾನದ ಗೋರಿಗಳ ಹಲ್ಲುಗಳಿಂದಲೂ ಅದೇ ಡಿಎನ್‌ಎ ಸಿಕ್ಕಿದೆ. ಅಮ್ವಾಸ್ ಪಿಡುಗು ಅದೇ ಮಹಾಪಿಡುಗಿನ ಒಂದು ಅಲೆ ಎಂದು ಇತಿಹಾಸಕಾರರು ಎಣಿಸುತ್ತಾರೆ.

ನ್ಯಾಚಾಂಗ್‌ನ ಮುದುಕ

ಯೆರ್ಸಿನ್ ಉಳಿದ ಬದುಕನ್ನು ನ್ಯಾಚಾಂಗ್‌ನಲ್ಲೇ ಕಳೆದ. ಹನೋಯಿಯಲ್ಲಿ ವೈದ್ಯಕೀಯ ಶಾಲೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥನಾಗಿ ಎರಡು ವರ್ಷ ಇದ್ದು, ಮತ್ತೆ ತನ್ನ ತೀರಕ್ಕೆ ಮರಳಿದ. ರಬ್ಬರ್ ಗಿಡ ಬೆಳೆಸಿ, ಅದರ ಹಣದಿಂದ ಪ್ರಯೋಗಾಲಯ ನಡೆಸಿದ. ಮಲೇರಿಯಾಕ್ಕೆ ಬೇಕಾದ ಕ್ವಿನೈನ್‌ಗಾಗಿ ಸಿಂಕೋನಾ ಮರ ನೆಡಿಸಿದ. ಬಿರುಗಾಳಿ ಬರುವ ಸೂಚನೆ ಕಂಡರೆ ಮೀನುಗಾರರಿಗೆ ಮುಂಚೆಯೇ ತಿಳಿಸುತ್ತಿದ್ದ. ಬಡವರಿಂದ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆಯಾಗಲಿಲ್ಲ. ಮೀನುಗಾರರ ಮಕ್ಕಳಿಗೆ ಅವನ ಮನೆಯ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. 1943ರ ಮಾರ್ಚ್ 1ರಂದು ತೀರಿಕೊಂಡ. ಫ್ರೆಂಚರ ಆಳ್ವಿಕೆ ಹೋದ ಮೇಲೆ ಅವರ ಎಷ್ಟೋ ಹೆಸರುಗಳು ಅಲ್ಲಿಂದ ಅಳಿಸಿಹೋದವು. ಅವನ ಹೆಸರಿನ ಬೀದಿಗಳು ಇನ್ನೂ ಉಳಿದಿವೆ, ಅವನ ಗೋರಿಗೆ ಜನ ಇನ್ನೂ ಹೋಗುತ್ತಾರೆ.

ಸ್ವಿಸ್ ನೆಲದಲ್ಲಿ ಹುಟ್ಟಿ, ಫ್ರಾನ್ಸಿನ ಪೌರನಾಗಿ, ವಿಯೆಟ್ನಾಂನವರಿಗೆ ತಮ್ಮವನಾದ ಅವನನ್ನು ಯಾವ ಗುಂಪಿಗೆ ಸೇರಿಸುವುದು? ಕೈಬೆರಳು ಐದೂ ಸಮ ಇರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬ್ಯಾಕ್ಟೀರಿಯಾದ ವಿಷಯದಲ್ಲೂ ಆ ಮಾತು ನಿಜ ಎಂದು ಯೆರ್ಸಿನ್ ಕಂಡ ರೋಗಾಣುವೇ ತೋರಿಸಿದೆ. ಕುಲ ತಿಳಿದರೆ ಸಾಲದು, ನಡತೆಯನ್ನೂ ನೋಡಬೇಕು.

ವಿದ್ಯಾರ್ಥಿಗಳೇ, ಪ್ಲೇಗಿನ ರೋಗಾಣುವಿನ ಪೂರ್ತಿ ಜೀನೋಮ್ 2001ರಲ್ಲಿ ಪ್ರಕಟವಾಗಿದೆ. ಅದೂ, ಅದರ ದಾಯಾದಿಯ ಜೀನೋಮೂ ಎನ್‌ಸಿಬಿಐ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಲು ಇವೆ. ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಬ್ಲಾಸ್ಟ್ ಎಂಬ ಸಾಧನವೂ ಅಲ್ಲೇ ಇದೆ. ಯೆರ್ಸಿನ್‌ಗೆ ಹುಲ್ಲಿನ ಗುಡಿಸಲು, ಒಂದು ಸೂಕ್ಷ್ಮದರ್ಶಕ ಇದ್ದವು. ನಿಮಗೆ ಒಂದು ಕಂಪ್ಯೂಟರ್ ಮತ್ತು ಒಂದು ಗಂಟೆಯ ಬಿಡುವು ಸಾಕು. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯ ಜೊತೆ ಕುಳಿತು ಮುಂದಿನ ಶನಿವಾರ ಈ ಹೋಲಿಕೆ ಮಾಡಿ ನೋಡಬೇಕೆಂದಿದ್ದೇನೆ. ಆಸಕ್ತಿ ಇರುವವರು ಬನ್ನಿ.